ಎದುರು ಕೂತು ಹೇಳುವ ಮಾತು

ನಮ್ಮವರು ಹೋಗಿ ಎಂಟು ತಿಂಗಳಾಯಿತು. ಇಪ್ಪತ್ತಾರು ವರ್ಷದಲ್ಲಿ ಹದಿನಾಲ್ಕು ಫುಟ್‌ಬಾಲ್ ತಂಡಗಳಿಗೆ ಮ್ಯಾನೇಜರ್ ಆಗಿದ್ದವರು. ಹದಿನಾಲ್ಕು ತಂಡ ಅಂದರೆ ನನ್ನ ಪಾಲಿಗೆ ಹದಿನಾಲ್ಕು ಬಾಡಿಗೆ ಮನೆ, ಹದಿನಾಲ್ಕು ಕಡೆ ಸೋರುವ ನಲ್ಲಿ. ಗೆದ್ದ ದಿನ ಇವರನ್ನು ಹೆಗಲ ಮೇಲೆ ಹೊತ್ತು ಕುಣಿದವರೇ ನಾಲ್ಕು ಪಂದ್ಯ ಸೋತ ಮೇಲೆ ರಸ್ತೆಯಲ್ಲಿ ಮುಖ ತಿರುಗಿಸುತ್ತಿದ್ದರು. ಮೊದಮೊದಲು ನಾನು ಹೊಸ ಮನೆಗೆ ಹೋದ ದಿನವೇ ಗೋಡೆಗೆ ಮೊಳೆ ಹೊಡೆದು ಫೋಟೋ ತೂಗುಹಾಕುತ್ತಿದ್ದೆ. ಐದನೇ ಮನೆಯಿಂದ ಅದನ್ನೂ ಬಿಟ್ಟೆ. ಫೋಟೋಗಳು ಟವೆಲ್ ಸುತ್ತಿಕೊಂಡು ಪೆಟ್ಟಿಗೆಯಲ್ಲೇ ಇದ್ದವು.

"ನೀವು ಚೆಂಡು ಒದೆಯೋದು ಸಾಲದು ಅಂತ ನನ್ನನ್ನೂ ಊರಿಂದೂರಿಗೆ ಒದೀತಿದ್ದೀರಿ" ಅಂತ ನಾನು ರೇಗಿದರೆ, ಇವರು ನಗುತ್ತಾ ಗಾಜಿನ ಲೋಟಗಳನ್ನು ಹಳೇ ಪೇಪರಿನಲ್ಲಿ ಸುತ್ತುತ್ತಿದ್ದರು. ಆ ಕೆಲಸದಲ್ಲಿ ಎತ್ತಿದ ಕೈ ಅವರದು. ಒಂದು ಲೋಟವೂ ಒಡೆಯಲಿಲ್ಲ, ಸುಳ್ಳು ಯಾಕೆ ಹೇಳಲಿ.

ಅವರದೊಂದು ಪದ್ಧತಿ ಇತ್ತು. ಪಂದ್ಯದ ಹಿಂದಿನ ಸಂಜೆ ಐದಕ್ಕೆ, ನಾಳೆ ಆಡುವ ಹನ್ನೊಂದು ಜನರ ಪಟ್ಟಿಯನ್ನು ಬಟ್ಟೆ ಬದಲಾಯಿಸುವ ಕೋಣೆಯ ಗೋಡೆಗೆ ಅಂಟಿಸುತ್ತಿದ್ದರು. ಯಾರನ್ನು ಬಿಟ್ಟಿದ್ದರೋ ಅವನನ್ನು ಇವರು ಅದಕ್ಕೆ ಮೊದಲೇ ತಮ್ಮ ಕೋಣೆಗೆ ಕರೆಯುತ್ತಿದ್ದರು. ಮೇಜು ಪಕ್ಕಕ್ಕೆ ಸರಿಸಿ, ಎರಡು ಕುರ್ಚಿ ಎದುರುಬದುರು ಹಾಕಿ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂರುತ್ತಿದ್ದರು. ಮೊದಲು ಮನೆ ಕಡೆಯ ಮಾತು. ಅಮ್ಮನ ಕಾಲುನೋವು ಹೇಗಿದೆ, ಮಗು ನಡೆಯುತ್ತಾ. ಆಮೇಲೆ, "ನಾಳೆ ನೀನಿಲ್ಲಪ್ಪ." ಆಮೇಲೆ ಕಾರಣ, ಸುತ್ತಿ ಬಳಸದೆ. ಅಷ್ಟು ಹೇಳಿ ಎದ್ದುಹೋಗುತ್ತಿರಲಿಲ್ಲ. ಅವನು ಅತ್ತರೆ ಅಳಲಿ, ಬೈದರೆ ಬೈಯಲಿ ಅಂತ ಕೂತಿರುತ್ತಿದ್ದರು. ಯಾರಾದರೂ ಬಾಗಿಲು ತಟ್ಟಿದರೆ, "ಸ್ವಲ್ಪ ಇರಿ, ಹುಡುಗ ಇನ್ನೂ ಮುಗಿಸಿಲ್ಲ" ಅನ್ನುತ್ತಿದ್ದರು. ಟೀ ಕೊಡಲು ಹೋದ ನಾನೇ ಎಷ್ಟು ಸಲ ಹೊರಗೆ ನಿಂತಿದ್ದೀನೋ.

"ಗೋಡೆ ನೋಡಿ ಗೊತ್ತಾಗಬಾರದು ಕಣೇ" ಅನ್ನುತ್ತಿದ್ದರು.

ಇವರನ್ನು ಕೆಲಸದಿಂದ ತೆಗೆದವರಲ್ಲಿ ಒಬ್ಬನೂ ಇವರಿಗೆ ಆ ಮರ್ಯಾದೆ ಕೊಡಲಿಲ್ಲ ಅನ್ನೋದು ನನ್ನ ಹೊಟ್ಟೆಯುರಿ. ಒಂದು ಕಡೆಯಂತೂ ಗೇಟಿನ ವಾಚ್‌ಮನ್ನೇ ಹೇಳಬೇಕಾಯಿತು, "ಸಾರ್, ನಿಮ್ಮನ್ನ ಒಳಗೆ ಬಿಡಬೇಡ ಅಂದಿದ್ದಾರೆ" ಅಂತ. ಪಾಪ, ಅವನದೇನು ತಪ್ಪು. ಇವರೇ ಅವನ ಬೆನ್ನು ತಟ್ಟಿ ಬಂದರು.

ಇಂಥ ಮನುಷ್ಯ ಒಂದೇ ಒಂದು ಸಲ ತಪ್ಪಿದರು. ಅದೂ ನಮ್ಮ ಒಬ್ಬನೇ ಮಗನ ವಿಷಯದಲ್ಲಿ.

ಹನ್ನೊಂದನೇ ತಂಡ ಅದು. ಅಪ್ಪನ ವಶೀಲಿಯಿಂದ ಸೇರಿದ ಅನ್ನೋ ಹಾಗಿಲ್ಲ. ಇವರು ಬರುವ ಎರಡು ವರ್ಷ ಮೊದಲೇ ಮಗ ಅಲ್ಲಿ ಎಡಗಡೆಯ ಡಿಫೆಂಡರ್ ಆಗಿದ್ದ. ಆಗ ಅವನಿಗೆ ಇಪ್ಪತ್ತೊಂದು ವರ್ಷ. ತಂಡ ಫೈನಲ್‌ಗೆ ಬಂತು. ಹಿಂದಿನ ಸಂಜೆ ಎಲ್ಲರ ಜೊತೆ ಇವನೂ ಗೋಡೆ ಹತ್ತಿರ ಹೋಗಿ ನೋಡಿದರೆ ಪಟ್ಟಿಯಲ್ಲಿ ಹೆಸರೇ ಇಲ್ಲ. ಅಪ್ಪ ಕರೆದಿರಲಿಲ್ಲ, ಹೇಳಿರಲಿಲ್ಲ. ಮನೆಗೆ ಬಂದವನು ಬೂಟುಗಳನ್ನು ಅಡುಗೆಮನೆಯ ಕಸದ ಡಬ್ಬಿಗೆ ಹಾಕಿದ.

"ಅಮ್ಮ, ಬೆಳಿಗ್ಗೆ ನನ್ನ ಎದುರೇ ಕೂತು ತಿಂಡಿ ತಿಂದ್ರು. ಉಪ್ಪು ಕೊಡು ಅಂದ್ರು. ಅದೊಂದು ಮಾತು ಹೇಳೋಕೆ ಬಾಯಿ ಬರ್ಲಿಲ್ವಾ?"

ನಾನು ಇವರನ್ನು ತರಾಟೆಗೆ ತೆಗೆದುಕೊಂಡೆ. "ಮಗನಿಗೂ ಉಳಿದವರಿಗೂ ಒಂದೇ ನ್ಯಾಯ" ಅಂದರು.

"ಒಂದೇ ನ್ಯಾಯ ಆಗಿದ್ರೆ ಅವನನ್ನೂ ಕರೆದು ಕೂರಿಸ್ಕೋಬೇಕಿತ್ತು!"

ಇವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಆ ವಿಷಯ ಮತ್ತೆಂದೂ ಎತ್ತಲಿಲ್ಲ. ಮಗ ಆಟ ಬಿಟ್ಟು ಬೇರೆ ಊರಿಗೆ ಹೋಗಿ ಲಿಫ್ಟ್ ರಿಪೇರಿಯ ಕೆಲಸ ಹಿಡಿದ. ಒಂಬತ್ತು ವರ್ಷ ನನ್ನ ಜೊತೆ ಮಾತ್ರ ಫೋನು. ಕೊನೆಗೊಂದು, "ಅವರು ಚೆನ್ನಾಗಿದಾರಾ?" ಅಪ್ಪ ಅನ್ನೋದು ಹೋಗಿ "ಅವರು" ಆಗಿದ್ದರು. ಇವರು ಪಕ್ಕದಲ್ಲೇ ಕೂತು ಪೇಪರ್ ಓದುವ ನಾಟಕ ಆಡುತ್ತಿದ್ದರು. ಇಬ್ಬರಿಗೂ ಅದೇನು ಹಟವೋ, ನಡುವೆ ನಾನು ಬೆಂದುಹೋದೆ.

ಇವರು ಆಸ್ಪತ್ರೆ ಸೇರಿದಾಗ ಮಗ ಬಂದ. ಡಾಕ್ಟರ್ ನಮ್ಮಿಬ್ಬರನ್ನು ಹೊರಗೆ ಕರೆದು, ಹೊಟ್ಟೆಯ ಕಾಯಿಲೆ ಕೈಮೀರಿದೆ, ಇನ್ನು ಕೆಲವೇ ವಾರ ಅಂದರು. ನನ್ನ ಅಣ್ಣ ಫೋನಿನಲ್ಲಿ, "ಭಾವನಿಗೆ ಹೇಳ್ಬೇಡ, ಎದೆ ಒಡ್ಕೋತಾರೆ" ಅಂದ. ನನಗೂ ಅದೇ ಸರಿ ಅನ್ನಿಸಿತು. "ಬೇಗ ಹುಷಾರಾಗ್ತೀರಂತೆ" ಅಂತ ಬುರುಡೆ ಬಿಟ್ಟೆ. ಇವರು ನನ್ನ ಮುಖವನ್ನೇ ನೋಡಿದರು.

ನಾಲ್ಕನೇ ದಿನ ಬೆಳಿಗ್ಗೆ ಇವರ ಕಣ್ಣು ಮಂಚದ ಕಾಲ ಬಳಿ ತೂಗುಹಾಕಿದ್ದ ಕಾಯಿಲೆಯ ವಿವರದ ಕಾಗದದ ಮೇಲೆ ಬಿತ್ತು. "ಕನ್ನಡಕ ಕೊಡೇ" ಅಂದರು. "ಮನೇಲೇ ಮರೆತು ಬಂದೆ" ಅಂದೆ. ಕನ್ನಡಕ ನನ್ನ ಚೀಲದಲ್ಲೇ ಇತ್ತು. ಬಾಗಿಲಲ್ಲಿ ನಿಂತಿದ್ದ ಮಗ ಎಲ್ಲ ನೋಡಿದ. ಒಳಗೆ ಬಂದು ಔಷಧಿಯ ಮೇಜನ್ನು ಪಕ್ಕಕ್ಕೆ ಸರಿಸಿದ. ಕಾಲು ಇಳಿಬಿಟ್ಟು ಕೂತಿದ್ದ ಅಪ್ಪನ ಎದುರಿಗೆ ಕುರ್ಚಿ ಎಳೆದುಕೊಂಡ. ಮೊಣಕಾಲಿಗೆ ಮೊಣಕಾಲು ತಾಗಿತು. ಇವರ ಮುಖ ನೋಡಬೇಕಿತ್ತು. ಅಷ್ಟರಲ್ಲೇ ಎಲ್ಲ ಅರ್ಥವಾಗಿಹೋಗಿತ್ತು.

"ನಿದ್ದೆ ಬಂತಾ? ಬೆನ್ನುನೋವು ಹೇಗಿದೆ?"

"ಪರವಾಗಿಲ್ಲ."

"ಅಪ್ಪಾ." ಒಂಬತ್ತು ವರ್ಷದ ಮೇಲೆ ಆ ಮಾತು. "ಇದು ವಾಸಿಯಾಗಲ್ಲ. ಕೆಲವೇ ವಾರ ಅಂತೆ."

ಇವರು ತಲೆಯಾಡಿಸಿದರು. ಮಗನ ಕೈ ಹಿಡಿದುಕೊಂಡರು.

"ನೀನೇ ಹೇಳಿದ್ದು ಒಳ್ಳೇದಾಯ್ತು" ಅಂದರು. "ನಿನ್ನ ಮಂಡಿ ಊದಿತ್ತು ಕಣೋ. ನೀನು ಮುಚ್ಚಿಡ್ತಿದ್ದೆ. ಅದೇ ಕಾರಣ, ಬೇರೇನಿಲ್ಲ. ಆವತ್ತು ಮಧ್ಯಾಹ್ನ ಮೂರು ಸಲ ನಿನ್ನ ರೂಮಿನ ಬಾಗಿಲವರೆಗೆ ಬಂದೆ. ನೀನು ಬೂಟಿಗೆ ಹೊಸ ಲೇಸ್ ಹಾಕ್ತಾ ಇದ್ದೆ. ಊರಿಗೆಲ್ಲ ಹೇಳಿದವನು ನಾನು, ನಿನ್ನ ಮುಖ ನೋಡಿ ಹೇಳೋಕಾಗ್ಲಿಲ್ಲ."

"ನಾನೂ ಮೂರು ದಿನದಿಂದ ಈ ಬಾಗಿಲವರೆಗೆ ಬಂದು ವಾಪಸ್ ಹೋಗ್ತಿದ್ದೆ ಅಪ್ಪಾ" ಅಂದ ಮಗ.

ಅಷ್ಟೇ. ಅಪ್ಪನ ಮಂಡಿಯ ಮೇಲೆ ತಲೆಯಿಟ್ಟು, ಮೂವತ್ತು ವರ್ಷದ ಗಂಡಸು ಗೋಳೋ ಅಂತ ಅತ್ತುಬಿಟ್ಟ. ನಾನು ಚೀಲದಿಂದ ಕನ್ನಡಕ ತೆಗೆದು ಇವರ ಹಾಸಿಗೆಯ ಮೇಲಿಟ್ಟೆ. ಇವರು ಅದನ್ನು ಮುಟ್ಟಲಿಲ್ಲ. ಅಷ್ಟರಲ್ಲಿ ನರ್ಸ್ ಇಂಜೆಕ್ಷನ್ ಹಿಡಿದುಕೊಂಡು ಬಂದರು. ಇವರು ಒಂದು ಕೈ ಮಗನ ತಲೆಯ ಮೇಲಿಟ್ಟು, ಇನ್ನೊಂದನ್ನು ಎತ್ತಿ ತಡೆದರು.

"ಸ್ವಲ್ಪ ಇರಮ್ಮ" ಅಂದರು. "ಹುಡುಗ ಇನ್ನೂ ಮುಗಿಸಿಲ್ಲ."