ಸಜ್ಜೆಯ ಅಡಿಯ ಗೀರು

ಮೇಸ್ತ್ರಿ ಬೆಲ್ಲವನ್ನು ಗಾರೆಗೆ ಹಾಕುತ್ತಾರೋ, ಮನೆಗೆ ಒಯ್ಯುತ್ತಾರೋ? ನನ್ನ ಅನುಮಾನ ಹುಟ್ಟಿದ್ದು ಅಲ್ಲಿಂದ.

ನಾನು ಆಗ ಮೈಸೂರಿನ ಕಾಲೇಜಿನಿಂದ ಬೇಸಗೆ ರಜೆಗೆ ಬಂದಿದ್ದೆ. ನಮ್ಮೂರಿನ ದುರ್ಗಿಗುಡಿ ಬಡಾವಣೆಯಲ್ಲಿ ಅಪ್ಪ ಕಟ್ಟಿಸುತ್ತಿದ್ದ ಮನೆಗೆ ಹೆಂಚು ಹೊದಿಸಿಯಾಗಿತ್ತು. ಕಿಟಕಿ ಕೂರಿಸುವ ಕೆಲಸ ನಡೆದಿತ್ತು. ಸುಣ್ಣ ಮರಳಿನ ಗಾರೆಗೆ ಬೆಲ್ಲದ ನೀರು ಬೆರೆಸಿದರೆ ಅದು ಕಲ್ಲಿನಂತೆ ಹಿಡಿಯುತ್ತದೆ ಎಂದು ಮೇಸ್ತ್ರಿ ಹೇಳಿದ್ದರು. ಹೇಳಿದ್ದರು, ಅಷ್ಟೆ. ನೋಡಿದವರು ಯಾರು? ಅವ್ವ ದಿನವೂ ಒಂದು ಅಚ್ಚು ಬೆಲ್ಲ ಕೊಡುತ್ತಿದ್ದಳು. ಒಂದು ಮಧ್ಯಾಹ್ನ ಕಲಸಿಟ್ಟ ಗಾರೆಗೆ ಬೆರಳದ್ದಿ ನಾಲಗೆಗೆ ಮುಟ್ಟಿಸಿ ನೋಡಿದೆ. ನಾಲಗೆ ಸುಟ್ಟಿತೇ ಹೊರತು ಸಿಹಿ ತಿಳಿಯಲಿಲ್ಲ. ಇದು ಸಾಕ್ಷ್ಯವಾಗುವುದಿಲ್ಲ ಎಂದು ನನಗೂ ಗೊತ್ತಿತ್ತು. ಆದರೂ ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ.

ಮೇಸ್ತ್ರಿ ಐವತ್ತು ದಾಟಿದ ಸಾಬರು. ಮಾತು ಕಡಿಮೆ. ಕೇಳಿದ್ದಕ್ಕೆ ಉತ್ತರ ಕೊಡದವರ ಬಳಿ ಉತ್ತರವೇ ಇರುವುದಿಲ್ಲ ಎಂಬುದು ನಾನು ಕಾಲೇಜಿನ ಚರ್ಚಾ ಸಂಘದಲ್ಲಿ ಕಲಿತ ಪಾಠ. ಕೆಲಸ ಹುಡುಕಿಕೊಂಡು ಊರೂರು ಅಲೆದು ಅವರ ಮೊಣಕಾಲು ಸೋತಿತ್ತು. ಭದ್ರಾವತಿಯಲ್ಲಿ ನನ್ನ ಸೋದರಮಾವ ಓವರ್ಸಿಯರ್. ಕಬ್ಬಿಣದ ಕಾರ್ಖಾನೆಯ ಕೆಲಸಗಾರರಿಗೆ ಸಾಲುಮನೆ ಕಟ್ಟಿಸುತ್ತಿದ್ದರು. ಅಲ್ಲಿ ಸೇರಿಕೊಂಡರೆ ಮೇಸ್ತ್ರಿಗೆ ಎರಡು ವರ್ಷ ಅಲೆದಾಟ ತಪ್ಪುತ್ತಿತ್ತು. ಮಾವ ಹೇಳಿ ಕಳಿಸಿದ್ದು ಒಂದೇ ಮಾತು: ಮೊದಲ ಮಳೆ ಬೀಳಲಿ, ಭಾವನ ಮನೆಯ ಕಿಟಕಿ ಸೋರದಿದ್ದರೆ ಆ ಮೇಸ್ತ್ರಿಯನ್ನು ಕಳಿಸಿ.

ಕೆಲಸ ಮುಗಿಯುತ್ತಲೇ ಏಣಿ ಹಾಕಿ ನಾನೇ ತಪಾಸಣೆಗೆ ಹತ್ತಿದೆ. ಪ್ರತಿ ಕಿಟಕಿಯ ನೆತ್ತಿಗೆ ಮಳೆ ತಡೆಯಲೆಂದು ಒಂದು ಕಲ್ಲುಚಪ್ಪಡಿ ಗೋಡೆಯಿಂದ ಮೊಳದಷ್ಟು ಹೊರಚಾಚಿತ್ತು, ಅದೇ ಸಜ್ಜೆ. ಅದರ ಅಡಿಯಲ್ಲಿ, ಹೊರ ಅಂಚಿನಿಂದ ಎರಡು ಬೆರಳು ಒಳಕ್ಕೆ, ಈ ತುದಿಯಿಂದ ಆ ತುದಿಯವರೆಗೆ ಒಂದು ಗೀರು. ಕಿರುಬೆರಳು ಕೂರುವಷ್ಟು ಆಳ. ನನ್ನ ತರ್ಕ ನೆಟ್ಟಗಿತ್ತು: ಹೊಸ ಕಲ್ಲಿನಲ್ಲಿ ಗೀರು ಇರಬೇಕಾಗಿಲ್ಲ, ಇಲ್ಲಿ ಇದೆ, ಆದ್ದರಿಂದ ಕಲ್ಲು ಹೊಸದಲ್ಲ. ಯಾವುದೋ ಹಳೆಯ ಕಟ್ಟಡದಿಂದ ಕಿತ್ತು ತಂದದ್ದು. ಇದೇನು ಎಂದು ಮೇಸ್ತ್ರಿಯನ್ನು ಕೇಳಿದೆ.

“ಅದು ಇರ್ಬೇಕು, ಸಣ್ ಯಜಮಾನ್ರೇ” ಎಂದಷ್ಟೇ ಹೇಳಿ ಅವರು ಗಾರೆ ಮೆತ್ತುವ ಕರಣೆ ತೊಳೆಯತೊಡಗಿದರು.

ಇರಬೇಕು ಎಂಬುದೂ ಒಂದು ವಾದವೇ? ಮರುದಿನ ಅವರು ಬರಲಿಲ್ಲ. ಬಚ್ಚಲಮನೆಗೆಂದು ತಂದು ಮಿಕ್ಕಿದ್ದ ಸಿಮೆಂಟನ್ನು ಕಲಸಿ, ಬೀದಿ ಕಡೆಯ ಎರಡು ಕಿಟಕಿ, ಓಣಿ ಕಡೆಯದೊಂದು, ಹೀಗೆ ಮೂರರ ಗೀರನ್ನೂ ನಾನೇ ಮೆತ್ತಿ ಮುಚ್ಚಿದೆ. ನುಣ್ಣಗೆ ಬಂತು. ಹಿತ್ತಿಲ ಕಿಟಕಿಗೆ ಸಿಮೆಂಟು ಸಾಲಲಿಲ್ಲ.

ಜೂನ್ ತಿಂಗಳ ಮೊದಲ ದೊಡ್ಡ ಮಳೆ ಹಗಲಿಡೀ ಹೊಡೆಯಿತು. ಸಂಜೆಯ ಹೊತ್ತಿಗೆ ಬೀದಿ ಕೋಣೆಯಲ್ಲಿ, ಕಿಟಕಿಯ ಚೌಕಟ್ಟು ಗೋಡೆಗೆ ಸೇರುವ ಜಾಗದಲ್ಲಿ, ನೀರು ಮೂಡಿತು. ಸುಣ್ಣ ಬಳಿದ ಗೋಡೆಯ ಮೇಲೆ ಕಂದು ಗೆರೆಯಾಗಿ ಇಳಿಯಿತು. ಅವ್ವ ಅಕ್ಕಿ ಚೀಲಗಳನ್ನು ನಡುಮನೆಗೆ ಎಳೆದಿಟ್ಟಳು. ಓಣಿ ಕಡೆಯ ಕಿಟಕಿಯದೂ ಅದೇ ಕಥೆ. ಅಪ್ಪ ಆ ಗೆರೆಯನ್ನೇ ನೋಡುತ್ತಾ ನಿಂತರು. ಹೊಸ ಮನೆ ಸೋರಿದ್ದಕ್ಕೆ ನನಗೂ ಬೇಸರವಾಗಬೇಕಿತ್ತು. ಗೆದ್ದವನಿಗೆ ಎಲ್ಲಿಯ ಬೇಸರ?

ಮರುದಿನ ಯಾರನ್ನೂ ಕೇಳದೆ ಬೆಳಗಿನ ರೈಲಿಗೆ ಭದ್ರಾವತಿಗೆ ಹೋದೆ. ಮಾವನ ಎದುರು ಬೆಲ್ಲ, ಹಳೆಯ ಕಲ್ಲು, ಸೋರಿಕೆ ಮೂರನ್ನೂ ಒಂದರ ಮೇಲೊಂದು ಜೋಡಿಸಿಟ್ಟೆ. ಮಾವ ತಲೆಯಾಡಿಸಿದರು. ಹೊರ ಊರಿನ ಗುಂಪೊಂದು ಕೆಲಸ ಕೇಳುತ್ತಿದೆ, ಅವರಿಗೇ ಕೊಟ್ಟರಾಯಿತು ಎಂದರು.

ಸಂಜೆ ಮನೆಗೆ ಬಂದರೆ ಮೇಸ್ತ್ರಿ ಜಗಲಿಯ ಮೇಲೆ ಕೂತಿದ್ದರು. ಅಪ್ಪ ಹೇಳಿ ಕಳಿಸಿದ್ದರಂತೆ. ನಾಲ್ಕೂ ಕಿಟಕಿಗಳನ್ನು ಅವರು ನೋಡಿಯಾಗಿತ್ತು.

“ಗೀರು ಮುಚ್ಚಿದ್ದು ಯಾರು?”

“ನಾನೇ. ತೆರೆದು ಬಿಟ್ರೆ ಸೋರಲ್ವಾ?”

“ಹಿತ್ಲು ಕಿಟಕಿ ನೀವು ಮುಚ್ಲಿಲ್ಲ. ಅದು ಪಡುವಲಕ್ಕಿದೆ, ಮಳೆ ಜಾಸ್ತಿ ಬಡಿಯೋದೇ ಅಲ್ಲಿಗೆ. ಅದ್ಯಾಕೆ ಸೋರ್ಲಿಲ್ಲ, ಹೇಳಿ.”

ಹೋಗಿ ಮುಟ್ಟಿ ನೋಡಿದೆ. ಒಣಗಿತ್ತು. ಸುಮ್ಮನಿರಲಾರದೆ, ಅದು ಕಾಕತಾಳೀಯ ಇರಬಹುದು ಎಂದೆ. ಮೇಸ್ತ್ರಿ ಅವ್ವನಿಂದ ಒಂದು ಚೊಂಬು ನೀರು ಕೇಳಿ ಪಡೆದು, ಅಂಗಳದ ಕಡೆಗೆ ನಿಧಾನವಾಗಿ ಬಗ್ಗಿಸಿದರು. ನೀರು ನೆಟ್ಟಗೆ ಬೀಳಲಿಲ್ಲ. ಚೊಂಬಿನ ಅಂಚು ಬಳಸಿ, ಅದರ ಹೊಟ್ಟೆಗೆ ಅಂಟಿಕೊಂಡು ಅವರ ಮುಂಗೈ ಮೇಲೆ ಹರಿಯಿತು.

“ನೀರು ಸುಲಭಕ್ಕೆ ಕೈ ಬಿಡಲ್ಲ. ಸಜ್ಜೆ ಅಡೀಲಿ ಹಿಂಗೇ ಅಂಟ್ಕೊಂಡು ಗೋಡೆ ಕಡೆ ತೆವಳ್ತದೆ. ಗೀರು ಸಿಕ್ಕಿದ್ರೆ ದಾಟಕ್ಕಾಗಲ್ಲ, ಅಲ್ಲೇ ಉದುರ್ತದೆ. ನೀವು ಅದಕ್ಕೆ ಸೇತುವೆ ಕಟ್ಟಿ ಕೊಟ್ರಿ.”

ಅಪ್ಪ ನನ್ನ ಕಡೆ ತಿರುಗಿ, ಬೆಳಿಗ್ಗೆಯಿಂದ ಎಲ್ಲಿ ಹೋಗಿದ್ದೆ ಎಂದು ಕೇಳಿದರು. ಹೇಳಿದೆ. ಮೇಸ್ತ್ರಿ ಚೊಂಬನ್ನು ಮೆಲ್ಲಗೆ ಕೆಳಗಿಟ್ಟರು.

“ಅವರ ಅನ್ನಕ್ಕೆ ಕಲ್ಲು ಹಾಕಿ ಬಂದ್ಯಲ್ಲೋ ಮಾರಾಯ” ಎಂದಳು ಅವ್ವ.

ಮರುದಿನ ಮೇಸ್ತ್ರಿ ಉಳಿ ಸುತ್ತಿಗೆಯನ್ನು ನನ್ನ ಕೈಗೇ ಕೊಟ್ಟು ಮೂರು ಗೀರುಗಳನ್ನೂ ಬಿಡಿಸಿದರು. ಸಿಮೆಂಟನ್ನು ನಾನು ಚೆನ್ನಾಗಿಯೇ ಮೆತ್ತಿದ್ದೆ. ಅಂಗೈಯಲ್ಲಿ ಬೊಬ್ಬೆ ಎದ್ದಿತು. ಅದರ ಮರುದಿನ ಅಪ್ಪ ನಮ್ಮಿಬ್ಬರನ್ನೂ ರೈಲು ಹತ್ತಿಸಿದರು. ದಾರಿಯಲ್ಲಿ ನಾನೇ ಮಾತು ತೆಗೆದೆ. ಕೇಳಿದ ದಿನವೇ ಇದನ್ನೆಲ್ಲ ಬಿಡಿಸಿ ಹೇಳಬಹುದಿತ್ತಲ್ಲ ಎಂದೆ.

“ನೀವೆಲ್ಲಿ ಕೇಳಿದ್ರಿ? ವಿಚಾರಣೆ ಮಾಡಿದ್ರಿ” ಎಂದು ಅವರು ಕಿಟಕಿಯ ಹೊರಗೆ ನೋಡತೊಡಗಿದರು.

ಮಾವ ನನ್ನನ್ನು ನಂಬಲಿಲ್ಲ. ನಂಬುವುದಕ್ಕೆ ನಾನು ಕಾರಣವನ್ನೂ ಕೊಟ್ಟಿರಲಿಲ್ಲ.

“ಮೊನ್ನೆ ಆ ಪಕ್ಷ, ಇವತ್ತು ಈ ಪಕ್ಷ. ಎರಡೂ ಕಡೆ ಮಾತಾಡೋದೇ ತಾನೆ ನಿಮ್ ಕಾಲೇಜಲ್ಲಿ ಕಲಿಸೋದು? ಭಾವ ದಾಕ್ಷಿಣ್ಯಕ್ಕೆ ಬಿದ್ದು ಕಳಿಸಿರ್ಬೇಕು.”

ನನ್ನ ಬಳಿ ವಾದವಿರಲಿಲ್ಲ. ಗೀರು ಮುಚ್ಚಿದವನು ನಾನು, ಬೆಲ್ಲ ಕದ್ದದ್ದನ್ನು ನಾನು ಕಂಡಿಲ್ಲ, ಕಲ್ಲು ಹಳೆಯದೆಂಬುದು ಬರೀ ಊಹೆ ಎಂದು ಒಂದೊಂದೇ ಹೇಳಿದೆ. ಮಾವ ನನ್ನನ್ನು ಬಿಟ್ಟು ಮೇಸ್ತ್ರಿಯ ಕೈಗಳನ್ನು ನೋಡುತ್ತಿದ್ದರು. ಕೊನೆಗೆ ಸಾಲಿನ ಪಡುವಣ ತುದಿಯ ಮನೆಯನ್ನು ತೋರಿಸಿದರು. ಅದರ ಕಿಟಕಿಗಳು ಮೇಸ್ತ್ರಿಗೆ, ಮಿಕ್ಕವು ಆ ಗುಂಪಿಗೆ. ಮಳೆಗಾಲ ಕಳೆಯುವುದರೊಳಗೆ ಯಾರ ಕೆಲಸ ಏನೆಂದು ಗೊತ್ತಾಗುತ್ತದೆ, ಎರಡನೆಯ ಸಾಲಿನ ಮಾತು ಆಮೇಲೆ ಎಂದರು. ಮೇಸ್ತ್ರಿ ಒಪ್ಪಿಕೊಂಡು ಒಂದು ಷರತ್ತು ಹಾಕಿದರು.

“ಗಾರೆ ಆರೋ ತನಕ ಸಣ್ ಯಜಮಾನ್ರು ಇತ್ಲಾಗೆ ಬರ್ಕೂಡ್ದು.”

ಮಾವ ನಕ್ಕರು. ನಾನು ನಗಲಿಲ್ಲ.

ದಸರೆ ಕಳೆದ ಮೇಲೆ ಊರಿಗೆ ಬರುವಾಗ ನಾನು ಭದ್ರಾವತಿಯಲ್ಲೇ ಇಳಿದುಕೊಂಡೆ. ಎರಡನೆಯ ಸಾಲು ಪೂರ್ತಿ ಮೇಸ್ತ್ರಿಗೇ ಸಿಕ್ಕಿದೆ ಎಂದು ಅಪ್ಪ ಕಾಗದ ಬರೆದಿದ್ದರು. ನಾನು ನಂಬಿರಲಿಲ್ಲ. ನನ್ನ ಸಮಾಧಾನಕ್ಕೆಂದು ಬರೆದಿರಬಹುದು. ಅವ್ವ ಹಟ ಹಿಡಿದಳೆಂದು ಮಾವ ಕೊಟ್ಟಿರಲೂಬಹುದು. ತುದಿಮನೆಗೆ ಆಗಲೇ ಒಂದು ಸಂಸಾರ ಬಂದಿತ್ತು. ಹೊರಗೆ ಯಾರೂ ಕಾಣಲಿಲ್ಲ. ಕಿಟಕಿಯ ಸರಳಿನ ನಡುವೆ ಕೈ ತೂರಿಸಿ ಒಳಗೋಡೆಯನ್ನು ಸವರಿದೆ. ಒಣಗಿತ್ತು. ಇನ್ನಷ್ಟು ಕೆಳಗೆ ಸವರುವಷ್ಟರಲ್ಲಿ ಒಳಗಿದ್ದ ಹೆಂಗಸು ನನ್ನ ಮಣಿಕಟ್ಟು ಹಿಡಿದುಕೊಂಡಳು. ತಮಿಳು ಬೆರೆತ ಕನ್ನಡ ಅವಳದು.

“ಯಾರಪ್ಪಾ ನೀನು? ಏನು ತಡಕ್ತೀಯ?”

ಗೋಡೆ ಒದ್ದೆಯಾಗಿದೆಯೇ ಎಂದು ನೋಡುತ್ತಿದ್ದೆ ಎಂದೆ. ನಿಜ ಅಷ್ಟು ಸುಳ್ಳಾಗಿ ಕೇಳಿಸೀತು ಎಂದು ನನಗೆ ಗೊತ್ತಿರಲಿಲ್ಲ.

“ಮಳೆ ನಿಂತು ಹತ್ತು ದಿನ ಆಯ್ತು. ಈಗ ಯಾವ ಗೋಡೆ ಒದ್ದೆ ಇರ್ತದೆ?”

ಹೌದಲ್ಲ. ಮೈಸೂರಿನಿಂದ ಇಷ್ಟು ದೂರ ಬಂದು ನಾನು ನಡೆಸಿದ ಪರೀಕ್ಷೆಯ ಬೆಲೆ ಅಷ್ಟೇ. ಅವಳು ಕೈ ಬಿಟ್ಟು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಪಕ್ಕದ ಮನೆಯ ಕಡೆ ಗದ್ದ ಎತ್ತಿದಳು. ಮಳೆ ಜೋರಾದ ರಾತ್ರಿಗಳಲ್ಲಿ ಆ ಮನೆಯವರು ಮಕ್ಕಳನ್ನು ತಂದು ಇಲ್ಲೇ ಮಲಗಿಸುತ್ತಿದ್ದರಂತೆ. ಇಲ್ಲಿ ಒಂದು ಹನಿಯೂ ಇಳಿಯಲಿಲ್ಲವಂತೆ. ಇಷ್ಟು ಹೇಳಿ ಕಿಟಕಿ ಮುಚ್ಚಿಕೊಂಡಳು. ಒಳಗಿನಿಂದ ಅಗುಳಿ ಬಿದ್ದ ಸದ್ದು ಕೇಳಿಸಿತು.