ಚಿಕ್ಕಮ್ಮನ ಸುತ್ತ ನೆಟ್ಟ ಅಗೆ

ಆಗೆಲ್ಲ ನಮ್ಮ ಕಡೆ ಹುಡುಗಿ ದೊಡ್ಡವಳಾದಳು ಎನ್ನುವುದಕ್ಕೆ ಮೊದಲ ಗುರುತೆಂದರೆ ಅವಳನ್ನು ಭತ್ತದ ನೆಟ್ಟಿಯ ಸಾಲಿನಲ್ಲಿ ನಿಲ್ಲಿಸುವುದು. ಅದುವರೆಗೆ ಗದ್ದೆಯಂಚಿನಲ್ಲಿ ಏಡಿ ಹಿಡಿಯುತ್ತ, ಸುಟ್ಟ ಹಲಸಿನ ಬೀಜಕ್ಕೆ ಜಗಳವಾಡುತ್ತ ಇರಬೇಕಿತ್ತು. ಅರವತ್ತರ ದಶಕದ ನಡುವಿನ ಒಂದು ಮಳೆಗಾಲ, ನನಗೆ ಹತ್ತು ತುಂಬಿದಾಗ, ಅರಳಸುರಳಿ ಕಡೆಯ ನಮ್ಮ ಗದ್ದೆಯಲ್ಲಿ ನನ್ನನ್ನೂ ಸಾಲಿಗೆ ಸೇರಿಸಿದರು. ನನ್ನ ಜಾಗ ಜಾನಕಿ ಚಿಕ್ಕಮ್ಮನ ಪಕ್ಕದಲ್ಲಿ.

ಚಿಕ್ಕಮ್ಮನೆಂದರೆ ನನ್ನ ಚಿಕ್ಕಪ್ಪನ ಹೆಂಡತಿ. ಹಿಂದಿನ ವರ್ಷ ವಿಷಮಶೀತ ಜ್ವರ ಬಂದು ಎರಡು ತಿಂಗಳು ಮಲಗಿದ್ದಳು. ಜ್ವರ ಬಿಟ್ಟಿತು, ಸುಸ್ತು ಬಿಡಲಿಲ್ಲ. ಒಂದು ಕೊಡ ನೀರು ತಂದರೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಇವತ್ತು ಮೈ ಹಗುರಾಗಿದೆ ಎಂದು ತುಸು ಹೆಚ್ಚು ದುಡಿದರೆ ಮುಂದಿನ ಮೂರು ದಿನ ಚಾಪೆಯಿಂದ ಏಳಲು ಆಗುತ್ತಿರಲಿಲ್ಲ. ರಿಪ್ಪನ್‌ಪೇಟೆಯ ಡಾಕ್ಟರೊಬ್ಬರು ಟಾನಿಕ್ಕು ಕೊಟ್ಟು, ಕಾಯಿಲೆ ಏನೂ ಉಳಿದಿಲ್ಲ ಎಂದು ಕಳಿಸಿದ್ದರು. ಅಜ್ಜಿಗೆ ಅಷ್ಟು ಸಾಕಾಯಿತು.

"ಕಾಯ್ಲೆ ಇಲ್ಲ ಅಂತ ಡಾಕ್ಟ್ರೇ ಹೇಳಿದ್ರಲ್ಲ. ಇನ್ನೆಂತದು ಇವಳ ಸೋಗು? ಈ ನೆಟ್ಟೀಲಿ ನೋಡ್ತೀನಿ. ಆಗಲ್ಲ ಅಂದ್ರೆ ತೌರಿಗೆ ಹೋಗ್ಲಿ."

ನಮ್ಮಲ್ಲಿ ಆಗ ನೆಟ್ಟಿಗೆ ಕೂಲಿಯವರಿರಲಿಲ್ಲ, ಮುಯ್ಯಾಳು ಪದ್ಧತಿ. ನಮ್ಮ ಮನೆಯ ಹೆಂಗಸರು ಅವರ ಗದ್ದೆಗೆ ಹೋದರೆ ಅವರ ಮನೆಯವರು ನಮ್ಮ ಗದ್ದೆಗೆ ಬರುತ್ತಿದ್ದರು. ಇಡೀ ಆಳಿನ ಬದಲಿಗೆ ಅರ್ಧ ಆಳು ಕಳಿಸಿದರೆ ಮನೆಯ ಮರ್ಯಾದೆ ಹೋಗುತ್ತಿತ್ತು.

ಚಿಕ್ಕಮ್ಮ ಒಂದು ಉಪಾಯ ಕಂಡುಕೊಂಡಿದ್ದಳು. ಮೂರು ಕಟ್ಟು ಅಗೆ, ಎಂದರೆ ಭತ್ತದ ಸಸಿ, ನೆಟ್ಟು, ಕವಳ ಹಾಕುವ ನೆಪದಲ್ಲಿ ಬದುವಿಗೆ ಹೋಗಿ ಕೂರುವುದು. ಬಾಯಿಯ ಎಲೆಅಡಿಕೆ ಮುಗಿಯುವವರೆಗೆ ಕೂತಿದ್ದು ಮತ್ತೆ ಬಂದು ಮೂರು ಕಟ್ಟು. ಸುಮ್ಮನೆ ಕೂತವಳನ್ನು ಬೈಯುವ ಹೆಂಗಸರು ಕವಳಕ್ಕೆ ಕೂತವಳನ್ನು ಬೈಯುತ್ತಿರಲಿಲ್ಲ. ಅಷ್ಟು ಹೊತ್ತಿನಲ್ಲಿ ಅವಳ ಸಾಲು ಹಿಂದೆ ಬೀಳಬಾರದಲ್ಲ? ಅದಕ್ಕೆ ನಾನಿದ್ದೆ.

"ನನ್ನ ಕಡೀಗೂ ನಾಕು ಬುಡ ನೆಡ್ತಾ ಹೋಗು ಪುಟ್ಟಿ," ಎಂದಿದ್ದಳು. "ಯಾರ ಹತ್ರಾನೂ ಹೇಳ್ಬೇಡ. ಈ ನೆಟ್ಟಿ ಒಂದು ದಾಟಿದ್ರೆ ಇಲ್ಲೇ ಇರ್ತೀನಿ."

ನಾಲ್ಕು ದಿನ ಹಾಗೇ ನಡೆಯಿತು. ಅಗೆಯ ಬೇರಿನ ಹಸಿ ವಾಸನೆ, ಬೆರಳ ಸಂದಿಯಲ್ಲಿ ಕೆಸರು, ಮಧ್ಯಾಹ್ನ ಅಜ್ಜಿ ತರುವ ಅಕ್ಕಿ ರೊಟ್ಟಿ, ಕಳಲೆ ಪಲ್ಯ. ಸಾಲಿನ ಮುಖ್ಯಸ್ಥೆ ಪಕ್ಕದ ಮನೆಯ ಚಿನ್ನಕ್ಕ. ಅವಳ ಕೈಯೂ ಚುರುಕು, ನಾಲಿಗೆಯೂ ಚುರುಕು. ಐದನೆಯ ದಿನ ನನ್ನನ್ನು ನೋಡಿ, "ಇದರ ಕೈ ನೋಡ್ರೇ. ಚಿಕ್ಕಮ್ಮನ ಸಮಕ್ಕೆ ಬರ್ತದಲ್ಲೇ ಇದು," ಎಂದಳು.

ಹೊಗಳಿಕೆ ಎಂದರೆ ಹತ್ತು ವರ್ಷದ ಹುಡುಗಿಗೆ ಎಷ್ಟಿದ್ದರೂ ಸಾಲದು.

"ಚಿಕ್ಕಮ್ಮನ ಸಾಲು ಅರ್ಧ ನಾನೇ ನೆಡೋದು," ಎಂದೆ.

ಎಲ್ಲರೂ ನಕ್ಕರು. ಚಿಕ್ಕಮ್ಮ ತಲೆ ಎತ್ತಲಿಲ್ಲ.

"ಹೌದನೇ ಜಾನಕಿ? ಕವಳ ನಿಂದು, ಕೈ ಮಗೂದಾ?" ಎಂದಳು ಚಿನ್ನಕ್ಕ. "ಇವತ್ತು ಕೂರು ನೋಡಣ."

ಆ ದಿನ ಚಿಕ್ಕಮ್ಮ ಕೂರಲಿಲ್ಲ. ನಾಲ್ಕನೆಯ ಕಟ್ಟು, ಐದನೆಯದು, ಆರನೆಯದು. ನಾನೂ ಅವಳ ಕಡೆಗೆ ಒಂದು ಬುಡವನ್ನೂ ನೆಡಲಿಲ್ಲ, ಎಲ್ಲರೂ ನೋಡುತ್ತಿದ್ದರಲ್ಲ.

ನೆಟ್ಟಿಯಲ್ಲಿ ಎಲ್ಲರೂ ಬಗ್ಗಿ ನೆಡುತ್ತ ಹಿಂದೆ ಹಿಂದೆ ಸರಿಯುತ್ತಾರೆ. ನಿಧಾನದವಳು ಮುಂದೆಯೇ ಉಳಿದರೆ ಅಕ್ಕಪಕ್ಕದವರು ಅವಳನ್ನು ದಾಟಿ ಹಿಂದೆ ಹೋಗಿ, ಅವಳ ಬೆನ್ನ ಹಿಂದೆಯೂ ನೆಟ್ಟು ಮುಚ್ಚಿಬಿಡುವುದು ಹಳೆಯ ತಮಾಷೆ. ನೆಟ್ಟ ಅಗೆಯನ್ನು ತುಳಿಯುವ ಹಾಗಿಲ್ಲ. ಸುತ್ತಲೂ ಹಸಿರು, ನಡುವೆ ಅವಳೊಬ್ಬಳು, ಕೆಸರಿನ ದೊಡ್ಡಿಯಲ್ಲಿ ಸಿಕ್ಕ ದನದ ಹಾಗೆ. ಎಲ್ಲರೂ ಹಾಡು ಕಟ್ಟಿ ಗೇಲಿ ಮಾಡುತ್ತಿದ್ದರು.

ಚಿನ್ನಕ್ಕ ಒಂದು ಕಡೆಯಿಂದ ಮುಚ್ಚುತ್ತ ಬಂದಳು. ಕೊನೆಗೆ ಎರಡು ಮೊಳದ ಸಂದಿ ಉಳಿಯಿತು, ನನ್ನ ಕಾಲ ಬಳಿ.

"ನೀನೇ ಮುಚ್ಚೇ, ನೀನೇ ದೊಡ್ಡವಳು," ಎಂದಳು.

ಚಿಕ್ಕಮ್ಮ ತಿರುಗಿ ನೋಡಿದಳು. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. "ಪುಟ್ಟಿ, ಅಷ್ಟು ದಾರಿ ಬಿಡೆ. ಕೂರ್ಬೇಕು ನಂಗೆ."

ನಾನು ನೆಟ್ಟೆ.

ಅವಳು ಮತ್ತೆ ಬಗ್ಗಿದಳು, ಬಗ್ಗಿದವಳು ಹಾಗೆಯೇ ಮುಂದಕ್ಕೆ ಮುಗ್ಗರಿಸಿದಳು. ಬೆನ್ನ ಮೇಲಿನ ಗೊರಬು, ಮಳೆಗೆ ಹೊದೆಯುವ ಆ ಎಲೆಯ ಹೊದಿಕೆ, ಅವಳನ್ನು ಪೂರ್ತಿ ಮುಚ್ಚಿತು. ಮುಖ ಕಾಣಲಿಲ್ಲ.

"ಓ, ಇಲ್ಲೇ ಹಾಸಿಗೆ ಹಾಸಿದ್ಲು," ಎಂದಳು ಒಬ್ಬಳು. ನಕ್ಕರು.

ಬದುವಿನ ಮೇಲಿಂದ ಅಜ್ಜಿ, "ಮಲಗ್ಲಿ ಬಿಡಿ. ಮನೇಲಿ ಮಲಗಿದ್ದು ಸಾಕಾಗ್ಲಿಲ್ಲ," ಎಂದಳು. ಮತ್ತೆ ನಕ್ಕರು. ನಾನೂ ನಕ್ಕೆ.

ಎಷ್ಟು ಹೊತ್ತು? ಈಗಲೂ ಅದನ್ನೇ ಅಳೆಯುತ್ತೇನೆ. ಎರಡು ತಮಾಷೆ, ಎರಡು ನಗು. ನೀರು ಗೇಣುದ್ದವೂ ಇರಲಿಲ್ಲ. ಗೊರಬಿನ ಹೊರಗೆ ಚಾಚಿದ್ದ ಕೈ ಮೆಲ್ಲಗೆ ಬಿಚ್ಚಿಕೊಂಡಿತು, ಹಿಡಿದಿದ್ದ ಅಗೆ ಒಂದೊಂದಾಗಿ ತೇಲಿಹೋಯಿತು. ಅದನ್ನು ಮೊದಲು ಕಂಡವಳು ನಾನು. ಕೂಗಲು ಬಾಯಿ ಬರಲಿಲ್ಲ.

ಅಗೆಯನ್ನೆಲ್ಲ ತುಳಿದುಕೊಂಡು ನುಗ್ಗಿದವಳು ಚಿನ್ನಕ್ಕ. ಚಿಕ್ಕಮ್ಮನನ್ನು ಮಗುಚಿ, ಬಾಯಿಗೆ ಬೆರಳು ಹಾಕಿ ಕೆಸರು ತೆಗೆದು, ಬೆನ್ನಿಗೆ ಗುದ್ದಿದಳು. ನಾನು ಎಲ್ಲಿದ್ದೆ ಗೊತ್ತೇ? ಓಡುತ್ತಿದ್ದೆ, ಬದುವಿನ ಮೇಲೆ, ಸುತ್ತು ಬಳಸಿ. ನೆಟ್ಟ ಅಗೆ ತುಳಿಯಬಾರದು ಎಂದು ನನಗೆ ಹೇಳಿಕೊಟ್ಟಿದ್ದರು. ನಾಲ್ಕು ಹೆಜ್ಜೆ ನೇರ ಹೋಗುವ ಬದಲು ಇಡೀ ಗದ್ದೆ ಸುತ್ತಿ ಬಂದೆ. ಬಂದಾಗ ಅವಳು ಕೆಮ್ಮುತ್ತಿದ್ದಳು, ಮೂಗಿನಿಂದ ಕೆಸರು ನೀರು ಇಳಿಯುತ್ತಿತ್ತು.

ತುಳಿದುಹೋದ ಜಾಗದಲ್ಲಿ ಮರುದಿನ ನನ್ನಿಂದಲೇ ನೆಡಿಸಿದರು. ವಾರದೊಳಗೆ ಚಿಕ್ಕಪ್ಪ ಅವಳನ್ನು ತಾಳಗುಪ್ಪದ ಆಚೆಯ ತೌರಿಗೆ ಬಿಟ್ಟುಬಂದ. ಸುಧಾರಿಸಿಕೊಂಡು ಬರಲಿ ಎಂದು ಅಜ್ಜಿ ಊರಿಗೆಲ್ಲ ಹೇಳಿದಳು. ಕರೆತರಲು ಯಾರೂ ಹೋಗಲಿಲ್ಲ.

ಈಗ ಆ ಗದ್ದೆಗಳಲ್ಲಿ ಯಂತ್ರ ನೆಡುತ್ತದೆ. ಊರಿನವರು ಸಿಕ್ಕಾಗ, ಆ ಸಾಲು, ಆ ಹಾಡು, ಆ ಒಗ್ಗಟ್ಟು ಹೋಯಿತಲ್ಲ ಎಂದು ಹಲುಬುತ್ತಾರೆ. ನಾನು ಕಳೆದುಕೊಂಡದ್ದು ಬೇರೆ.

ಕಾಲೇಜಿನಲ್ಲಿದ್ದಾಗ ಒಮ್ಮೆ ಚಿಕ್ಕಮ್ಮನನ್ನು ಹುಡುಕಿಕೊಂಡು ಹೋಗಿದ್ದೆ. ಅವಳು ಅಂಗಳ ಗುಡಿಸುತ್ತಿದ್ದಳು. ಅರ್ಧ ಗುಡಿಸಿ ಜಗಲಿಯಲ್ಲಿ ಕೂತಳು. ಅವಳ ಅಣ್ಣನ ಮನೆಯಲ್ಲಿ ಅದಕ್ಕೆ ಯಾರೂ ಏನೂ ಅನ್ನುತ್ತಿರಲಿಲ್ಲ. ನನ್ನ ಓದು ವಿಚಾರಿಸಿದಳು, ಬೆಲ್ಲ ನೀರು ಕೊಟ್ಟಳು. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತನ್ನು ಬಿಟ್ಟು, ಎದ್ದು ಹೋಗಿ ಪೊರಕೆ ತೆಗೆದುಕೊಂಡೆ.

"ಇಡು ಮಗಾ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಉಳಿದಿದ್ದು ನಾನೇ ಗುಡಿಸ್ತೀನಿ. ನೀನು ಆಮೇಲೆ, ಅರ್ಧ ನಾನೇ ಗುಡಿಸಿದ್ದು ಅಂತ ಹೇಳ್ತೀಯ."

ಪೊರಕೆ ಇಟ್ಟು, ಬಸ್ಸಿನ ಹೊತ್ತಾಗುವವರೆಗೆ ಅವಳ ಪಕ್ಕದಲ್ಲಿ ಕೂತಿದ್ದೆ.