ಗುಂಡಿ ಒತ್ತಿಸುವ ಮಾಸ್ತರರು

ಇಳಕಲ್ಲಿನ ನೇಕಾರ ಹೆಂಗಸರಾದ ನಮ್ಮ ಸಂಜೆಶಾಲೆಯ ಮತೀನ ಮಾಸ್ತರರು ಉತ್ತರವನ್ನು ಬಾಯಿಂದ ಕೇಳುವವರಲ್ಲ, ಬೆರಳಿನಿಂದ ಕೇಳುವವರು. ಕ್ಲಿಕ್ಕರ್ ಎಂಬ, ಟಿ.ವಿ. ರಿಮೋಟಿನಂಥ ಪುಟ್ಟ ಯಂತ್ರಗಳನ್ನು ಟವೆಲ್ಲಿನಲ್ಲಿ ಸುತ್ತಿ ತಂದು ನಮ್ಮ ಕೈಗೆ ಒಪ್ಪಿಸುವಾಗ, ಮಗಳನ್ನು ಗಂಡನ ಮನೆಗೆ ಕಳಿಸುವ ತಂದೆಯ ಸಂಕಟ ಅವರ ಮುಖದಲ್ಲಿರುತ್ತದೆ. “ಮೆಲ್ಲಕ ಒತ್ರಿ ಯಮನವ್ವಾರ, ಮಗ್ಗ ತುಳದಂಗ ಮಾಡಬ್ಯಾಡ್ರಿ!” ಎಂಬುದು ಅವರ ನಿತ್ಯಮಂತ್ರ, “ರಿಮೋಟಾದ್ರ ಧಾರಾವಾಹಿ ಹಚ್ರಿ ಮಾಸ್ತರ” ಎಂಬುದು ಯಮನವ್ವನ ನಿತ್ಯದ ಉತ್ತರ. ಒತ್ತಿದೊಡನೆ ಯಾವ ಉತ್ತರಕ್ಕೆ ಎಷ್ಟು ಮಂದಿ ಎಂಬುದು ಪರದೆಯ ಮೇಲೆ ಹೆಸರಿಲ್ಲದ ಕಂಬಗಳಾಗಿ ಏಳುತ್ತದೆ. “ಇಲ್ಲಿ ಯಾರ ತಪ್ಪೂ ಯಾರಿಗೂ ತಿಳಿಯೂದಿಲ್ರಿ” ಎಂದು ಅವರು ಘನತೆಯಿಂದ ಸಾರುತ್ತಾರೆ. ಆದರೆ ಒಂಟಿ ತಪ್ಪು ಕಂಡರೆ ಅದರ ಒಡತಿಯನ್ನು ಹುಡುಕದೆ ಬಿಡುವ ತರಗತಿ ನಮ್ಮದಲ್ಲ. ಹಿಂದೊಮ್ಮೆ ಹಾಗೆ ಹುಡುಕಿ ನಾವು ನಕ್ಕದ್ದಕ್ಕೇ ಯಮನವ್ವ ಶಾಲೆ ಬಿಟ್ಟಿದ್ದಳು. ಮಾಸ್ತರರೇ ಮನೆಗೆ ಹೋಗಿ ಕರೆತಂದಿದ್ದರು. ನಿನ್ನೆ ಮತ್ತೆ ತಪ್ಪು ಉತ್ತರದ ಮೇಲೆ ಒಬ್ಬರದೇ ಒಂಟಿ ಕಂಬ ಎದ್ದಿತು. ಯಮನವ್ವ ತಲೆ ತಗ್ಗಿಸಿದಳು. “ಯಾರ್ರೀ ಆ ಶಾಣ್ಯಾಕಿ?” ಎಂದು ಪಕ್ಕದ ಸುಮಾ ಕಿಸಕ್ಕೆಂದಳು. “ಶಾಣ್ಯಾಕಿ ಅಲ್ರೀ, ಶಾಣ್ಯಾ. ಆ ತಪ್ಪು ನಾನಽ ಒತ್ತೀನಿ, ನಗ್ರಿ” ಎಂದು ಮಾಸ್ತರರು ತಮ್ಮ ಕೈಯಲ್ಲಿದ್ದ ಕ್ಲಿಕ್ಕರನ್ನು ಎತ್ತಿ ತೋರಿಸಿದರು. ಎಲ್ಲರೂ ನಕ್ಕರು, ಯಮನವ್ವನೂ ನಕ್ಕಳು. ತರಗತಿ ಮುಗಿದು ಯಂತ್ರಗಳನ್ನು ಒಟ್ಟುಮಾಡುವಾಗ ನಾನು ಅವರ ಕ್ಲಿಕ್ಕರನ್ನು ತಿರುಗಿಸಿ ನೋಡಿದೆ: ಅದರೊಳಗೆ ಸೆಲ್ಲೇ ಇರಲಿಲ್ಲ.